ಗಲಗಲಿ ಸೀಮೆಯ ಮೊಸಾಯಿಕ್ ನೆಲ: ರಸಿಕರಿಗೊಂದು ಕೈಪಿಡಿ

ಅಮೃತಶಿಲೆಯ ಚೂರುಗಳನ್ನು ಸಿಮೆಂಟಿನಲ್ಲಿ ಕಲಸಿ ಹಾಸಿ, ಅದು ಬಿರುಸಾದ ಮೇಲೆ ಸಾಣೆಕಲ್ಲಿನಿಂದ ಉಜ್ಜಿ, ಚೂರುಗಳ ಒಳಮೈ ಕಾಣುವಂತೆ ನಯಗೊಳಿಸಿದ ನೆಲಕ್ಕೆ ಕಟ್ಟಡಶಾಸ್ತ್ರದ ಗ್ರಂಥಗಳಲ್ಲಿ ಟೆರಾಝೊ ಎಂಬ ಹೆಸರಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಡುವಣ ಗಲಗಲಿ ಸೀಮೆಯಲ್ಲಿ ಗೌಂಡಿಗಳೂ ಮನೆಯವರೂ ಅದನ್ನು ಮೊಸಾಯಿಕ್ ಎಂದೇ ಕರೆಯುತ್ತಾರೆ. ವೆನಿಸ್ ಹಾಗೂ ಅದರ ಆಚೆಯ ಫ್ರಿಯುಲಿ ಪ್ರಾಂತದ ಕೆಲಸಗಾರರು ಅಮೃತಶಿಲೆಯ ಕೆಲಸದಲ್ಲಿ ಉಳಿದ ಚೂರನ್ನು ಸುಣ್ಣದ ಗಾರೆಯಲ್ಲಿ ಕೂರಿಸಿ ರೂಢಿಸಿದ ಈ ಕ್ರಮವು, ಸಿಮೆಂಟೂ ವಿದ್ಯುತ್ತಿನ ಸಾಣೆಯಂತ್ರವೂ ಬಂದ ಮೇಲೆ, 20ನೇ ಶತಮಾನದಲ್ಲಿ ಲೋಕವನ್ನೆಲ್ಲ ಸುತ್ತಿತು. ಸಿಮೆಂಟ್ ಟೈಲಿಗೆ ಹೆಸರಾದ ಭಾರತ್ ಟೈಲ್ಸ್ ಸಂಸ್ಥೆ ಮುಂಬಯಿಯಲ್ಲಿ ಹುಟ್ಟಿದ್ದು 1922ರಲ್ಲಿ. ಆ ಕಾಲಕ್ಕೆ ಬೀಳಗಿಯ ಕಡೆಯ ಊರುಗಳು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿದ್ದವು, ಜಮಖಂಡಿ ಪಟವರ್ಧನರ ಹಾಗೂ ಮುಧೋಳ ಘೋರ್ಪಡೆಯವರ ಸಂಸ್ಥಾನಗಳಾಗಿದ್ದವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಸೀಮೆಯ ಮುಖ ಮುಂಬಯಿಯ ಕಡೆಗೇ ಇದ್ದುದರಿಂದ, ಅಲ್ಲಿಯ ಮನೆ ಕಟ್ಟುವ ರೂಢಿಗಳು ಇಲ್ಲಿಗೆ ತಲುಪುವುದು ಕಷ್ಟವೇನೂ ಆಗಿರಲಾರದು.

ಮೊಸಾಯಿಕ್ ನೆಲವನ್ನು ನೋಡಲು ಹೊರಟ ಹೊಸಬರು ಮೊದಲು ಹೊಳಪನ್ನು ನೋಡುತ್ತಾರೆ. ಹೊಳಪು ಬಾಡಿಗೆಗೆ ತಂದ ಪಾಲಿಶ್ ಯಂತ್ರದಿಂದ ಎರಡು ದಿನದಲ್ಲಿ ಬರುವ ಗುಣವಾದ್ದರಿಂದ ಅದನ್ನು ಕಡೆಗೆ ನೋಡುವುದು ಒಳ್ಳೆಯದು. ಮೊದಲು ನೋಡಬೇಕಾದದ್ದು ಆ ನೆಲದ ಅಡಿಯ ನೀರು ಯಾವ ದಾರಿಯಲ್ಲಿ ಬಂದು ಯಾವ ದಾರಿಯಲ್ಲಿ ಹೋಗುತ್ತಿದೆ ಎಂಬುದನ್ನು. ಮಂಗಳೂರು, ಉಡುಪಿಗಳ ಮನೆಗಳಲ್ಲಿ ತೇವವು ಗಾಳಿಯಿಂದ ಬರುತ್ತದೆ: ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುವ ಆ ಕರಾವಳಿಯಲ್ಲಿ ತಂಪಾದ ನೆಲಕ್ಕೆ ಹಸಿಗಾಳಿ ತಗಲಿದಾಗ ಹನಿಗಟ್ಟುತ್ತದೆ, ನೆಲ ಬೆವರಿದಂತೆ ಕಾಣುತ್ತದೆ. ಗಲಗಲಿ ಸೀಮೆಯ ಮಳೆ 600 ಮಿ.ಮೀ.ಯ ಆಚೀಚೆ ಮಾತ್ರ, ಬೇಸಿಗೆಯ ಗಾಳಿ ಒಣ. ಹಾಗಿದ್ದೂ ಇಲ್ಲಿಯ ನೆಲಗಳು ತೇವದಿಂದ ಕೆಡುತ್ತವೆ, ಏಕೆಂದರೆ ಇಲ್ಲಿ ತೇವ ಕೆಳಗಿನಿಂದ ಏರುತ್ತದೆ. ಕೃಷ್ಣೆಯ ದಂಡೆ, ಆಲಮಟ್ಟಿ ಜಲಾಶಯದ ಹಿನ್ನೀರು, ಮುಧೋಳದ ಕಡೆ ಘಟಪ್ರಭೆ, ಇವುಗಳ ಜೊತೆಗೆ ಕಬ್ಬಿಗೆ ವರ್ಷವಿಡೀ ಹಾಯಿಸುವ ನೀರು ಸೇರಿ ಎರೆಮಣ್ಣು ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಅತಿಯಾಗಿ ನೀರುಂಡ ಹೊಲ ಸವಳು-ಜವಳು ಹಿಡಿದು ಮೇಲೆ ಬಿಳಿಯ ಉಪ್ಪು ಹಾಯುವುದನ್ನು ಈ ಭಾಗದ ರೈತರೆಲ್ಲ ಬಲ್ಲರು. ಮನೆಯ ನೆಲದ ಮೇಲೆ, ಕಂಬದ ಬುಡದಲ್ಲಿ, ಗೋಡೆಯ ಕೆಳಗಿನ ಗೇಣಗಲದಲ್ಲಿ ಕಾಣುವ ಬಿಳಿಯ ಹಿಟ್ಟು ಅದೇ ಕ್ರಿಯೆಯ ಫಲ: ನೀರು ಲವಣವನ್ನು ಕರಗಿಸಿಕೊಂಡು ಮೇಲೇರಿ, ತಾನು ಆರಿಹೋಗಿ, ಲವಣವನ್ನು ಬಿಟ್ಟು ಹೋಗುತ್ತದೆ. ಸವಳು ಹೊಲವನ್ನು ಗುರುತಿಸಬಲ್ಲ ಕಣ್ಣಿಗೆ ಸವಳು ಹಿಡಿದ ನೆಲವನ್ನು ಗುರುತಿಸಲು ಬೇರೆ ಪಾಠ ಬೇಕಾಗದು.

ಹಳೆಯ ಮಾಳಿಗೆ ಮನೆಗಳಲ್ಲಿ ಈ ತೊಂದರೆ ಅಷ್ಟಾಗಿ ಎದ್ದು ಕಾಣದಿದ್ದುದಕ್ಕೆ ಕಾರಣ ಅವುಗಳ ನೆಲದಲ್ಲೇ ಇತ್ತು. ಸಗಣಿಯಿಂದ ಸಾರಿಸಿದ ಮಣ್ಣಿನ ನೆಲವು ತೇವವನ್ನು ಎಲ್ಲೆಡೆಯಿಂದಲೂ ಮೇಲಕ್ಕೆ ಬಿಡುತ್ತಿತ್ತು. ಸುಣ್ಣದ ಗಚ್ಚಿನ ನೆಲವೂ ಸ್ವಲ್ಪಮಟ್ಟಿಗೆ ಹಾಗೆಯೇ. ಶಹಾಬಾದಿ ಫರಸಿ ಹಾಸಿದಲ್ಲಿ ಕಲ್ಲು ಕಲ್ಲಿನ ನಡುವಿನ ಸಂದಿ ಆ ಕೆಲಸ ಮಾಡುತ್ತಿತ್ತು. ಸಂದಿಯಿಲ್ಲದೆ ಗೋಡೆಯಿಂದ ಗೋಡೆಗೆ ಒಂದೇ ದಟ್ಟ ಪದರವಾಗಿ ಹರಡುವ ನೆಲ ಸಾಮಾನ್ಯ ಮನೆಗಳಿಗೆ ಬಂದದ್ದು ಮೊಸಾಯಿಕ್ಕಿನ ಮೂಲಕ, ಮತ್ತು ಅದರೊಂದಿಗೆ ತೇವದ ದಾರಿ ಬದಲಾಯಿತು: ನಡುವೆ ಏರಲಾಗದ ನೀರು ಅಂಚಿಗೆ ಸರಿದು ಗೋಡೆಯನ್ನು ಹಿಡಿಯುತ್ತದೆ. ಆದುದರಿಂದ ಪಡಸಾಲೆಯ ನಡುವೆ ನಿಂತು ನೆಲವನ್ನು ಮೆಚ್ಚುವ ಮೊದಲು ಗೋಡೆಯ ಬುಡಕ್ಕೆ ಹೋಗಿ, ಸ್ಕರ್ಟಿಂಗ್ ಎನ್ನುವ ಅಂಚುಪಟ್ಟಿಯ ಮೇಲೆ ಗಿಲಾವು ಉಬ್ಬಿದೆಯೆ, ಸುಣ್ಣಬಣ್ಣ ಉದುರಿದೆಯೆ ಎಂದು ನೋಡಬೇಕು. ಸಂದೇಹವಿದ್ದರೆ ಒಂದು ಮೊಳ ಚದರದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಕಡೆ ಅಂಟುಪಟ್ಟಿಯಿಂದ ಬಿಗಿದು ಮರುದಿನ ತೆಗೆದು ನೋಡಬಹುದು. ಹಾಳೆಯ ಅಡಿಯಲ್ಲಿ ಹನಿ ಕಂಡರೆ ತೇವ ನೆಲದ್ದು, ಮೇಲೆ ಮಾತ್ರ ಕಂಡರೆ ಗಾಳಿಯದು.

ಕಣ್ಣಿಗೆ ಕಾಣುವ ಚೂರುಗಳ ಪದರ ಬಹಳ ತೆಳು. ಮನೆಯಲ್ಲೇ ಎರೆದು ಮಾಡುವ ನೆಲಕ್ಕೆ ಕೇಂದ್ರ ಲೋಕೋಪಯೋಗಿ ಇಲಾಖೆಯ ರೂಢಿಯ ಅಳತೆ ಒಟ್ಟು 40 ಮಿ.ಮೀ.; ಅದರಲ್ಲಿ 34 ಮಿ.ಮೀ. ಅಡಿಯ ಕಾಂಕ್ರೀಟ್, ಮೇಲಿನ 6 ಮಿ.ಮೀ. ಮಾತ್ರ ಚೂರುಗಳ ಪದರ. ಮೂರು ಭಾಗ ಸಿಮೆಂಟಿಗೆ ಒಂದು ಭಾಗ ಅಮೃತಶಿಲೆಯ ಪುಡಿಯನ್ನು ತೂಕದಲ್ಲಿ ಬೆರೆಸಿ, ಆ ಮಿಶ್ರಣದ ನಾಲ್ಕು ಪಾಲಿಗೆ 1ರಿಂದ 4 ಮಿ.ಮೀ. ಗಾತ್ರದ ಚೂರು ಏಳು ಪಾಲನ್ನು ಅಳತೆಯಲ್ಲಿ ಕೂಡಿಸುವುದು ಇದರ ಪಾಕ. ಚೂರು ದೊಡ್ಡದಾದಷ್ಟೂ ಪದರ ದಪ್ಪವಾಗಬೇಕು, ಇಲ್ಲವಾದರೆ ಚೂರು ಕೂರುವಷ್ಟು ಆಳವೇ ಇರುವುದಿಲ್ಲ. ಎದ್ದುಹೋದ ಚೂರುಗಳ ಕುಳಿಗಳು ಕಂಡಲ್ಲಿ ಈ ನಿಯಮ ಮುರಿದಿರುವ ಸಂಭವ ಹೆಚ್ಚು. ಇಷ್ಟೆಲ್ಲದರ ಅಡಿಯಲ್ಲಿ ಎರೆಮಣ್ಣನ್ನು ತೆಗೆದು ಗರಸು ತುಂಬಿ ಬಡಿದಿರಬೇಕು, ಏಕೆಂದರೆ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಜಾತಿಯದು. ಒಳ್ಳೆಯ ನೆಲಕ್ಕೆ ಅರ್ಧ ಮರ್ಯಾದೆ ಈ ಕಾಣದ ಗರಸಿಗೆ ಸಲ್ಲಬೇಕಾದದ್ದು.

ಇನ್ನು ಚೂರುಗಳ ನೋಟ. ಸುಣ್ಣಕಲ್ಲು, ಡೊಲೊಮೈಟ್‌ಗಳಿಂದ ತುಂಬಿದ ಕಲಾದಗಿ ಶಿಲಾವಲಯದ ಮೇಲೆಯೇ ಮುಧೋಳ, ಲೋಕಾಪುರಗಳ ನೆಲ ಕೂತಿದೆ. ಮುಧೋಳ ತಾಲೂಕಿನ ಮುದ್ದಾಪುರದಲ್ಲಿ ಸಿಮೆಂಟ್ ಕಾರ್ಖಾನೆ ಎದ್ದುದೂ ಈ ಕಲ್ಲಿನಿಂದಲೇ. ಸುಣ್ಣಕಲ್ಲೂ ಅಮೃತಶಿಲೆಯೂ ಒಂದೇ ವಸ್ತುವಿನ ಎರಡು ರೂಪ, ಎರಡಕ್ಕೂ ನಯ ಕೂರುತ್ತದೆ, ಎರಡೂ ಹುಳಿಗೆ ಸೋಲುತ್ತವೆ. ನೆಲವನ್ನು ನೋಡುವವರು ಬೆಳಗಿನ ಓರೆಬೆಳಕಿನಲ್ಲಿ ಬಗ್ಗಿ, ಅಂಗೈಯಗಲದ ಜಾಗವನ್ನು ಒದ್ದೆ ಮಾಡಿ ನೋಡಿದರೆ ಕಲ್ಲಿನ ನಿಜಬಣ್ಣ ಮೇಲೆದ್ದು ಬರುತ್ತದೆ. ಮೇಲ್ಮೈಯ ಸುಮಾರು ನೂರಕ್ಕೆ ಎಪ್ಪತ್ತು ಭಾಗ ಕಲ್ಲೇ ಕಾಣಬೇಕು, ಸಿಮೆಂಟು ಕಲ್ಲಿನ ನಡುವೆ ತೆಳ್ಳಗೆ ಹರಿದಿರಬೇಕು. ದೊಡ್ಡ ಚೂರುಗಳೆಲ್ಲ ಒಂದೆಡೆ, ಪುಡಿಯೆಲ್ಲ ಇನ್ನೊಂದೆಡೆ ಕೂಡಿದ್ದರೆ ಕಲಸುವವರು ಅವಸರಪಟ್ಟಿದ್ದಾರೆ ಎಂದು ತಿಳಿಯಬಹುದು. ಬಿಳಿ ಸಿಮೆಂಟಿನಲ್ಲಿ ಕರಿ, ಹಸಿರು, ಚಾಕಲೇಟು ಬಣ್ಣದ ಚೂರು ಹಾಕಿದ ನೆಲ ಎಲ್ಲರ ಮೆಚ್ಚುಗೆ ಪಡೆಯುತ್ತದೆ. ಬೂದು ಸಿಮೆಂಟಿನಲ್ಲಿ ಬೂದು ಚೂರನ್ನೇ ಕೂರಿಸಿ, ಬಣ್ಣದ ಸಹಾಯವಿಲ್ಲದೆ ಹರವಿನಿಂದಲೇ ಅಂದ ತಂದ ನೆಲವು ಕಷ್ಟದ ಕೆಲಸವಾದರೂ ಅದನ್ನು ಗಮನಿಸುವವರು ಕಡಿಮೆ.

ಎರೆದ ನೆಲದಲ್ಲಿ ಗಾಜಿನ, ಹಿತ್ತಾಳೆಯ ಅಥವಾ ಅಲ್ಯೂಮಿನಿಯಂ ಪಟ್ಟಿಗಳು ನೆಲವನ್ನು ಅಂಕಣಗಳಾಗಿ ಸೀಳಿರುತ್ತವೆ. ಇವು ಅಲಂಕಾರಕ್ಕಷ್ಟೇ ಇಟ್ಟವಲ್ಲ: ಸಿಮೆಂಟು ಆರುವಾಗ ಕುಗ್ಗುವುದರಿಂದ, ಕುಗ್ಗುವಿಕೆ ಬಿರುಕಾಗಿ ಎಲ್ಲೆಂದರಲ್ಲಿ ಓಡದೆ ಪಟ್ಟಿಯ ಬಳಿಯೇ ನಿಲ್ಲಲಿ ಎಂದು ಒಂದು ಅಂಕಣವನ್ನು 2 ಚದರ ಮೀಟರಿಗಿಂತ ದೊಡ್ಡದು ಮಾಡಬಾರದೆಂಬ ಕಟ್ಟಳೆ ಇದೆ. ಕಾರ್ಖಾನೆಯಲ್ಲಿ ಒತ್ತಿ ತಯಾರಿಸಿದ ಟೈಲುಗಳನ್ನು ಜೋಡಿಸಿದ ನೆಲಕ್ಕೆ ಈ ಪಟ್ಟಿಗಳಿಲ್ಲ, ಸಮಾನ ಚೌಕಗಳ ಗೆರೆ ಇರುತ್ತದೆ. ಎರಡನ್ನೂ ಗುರುತಿಸುವ ಸುಲಭ ಉಪಾಯ ಇದೇ. ಬಿರುಕುಗಳನ್ನು ಓದುವುದು ರಸಿಕನ ವಿದ್ಯೆಯಲ್ಲಿ ಅತ್ಯಂತ ಸ್ವಾರಸ್ಯದ ಭಾಗ. ಅಂಕಣದ ಒಳಗೇ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕು ಸಾಮಾನ್ಯವಾಗಿ ನೀರುಣಿಸುವುದರಲ್ಲಿ, ಅಂದರೆ ಕ್ಯೂರಿಂಗ್‌ನಲ್ಲಿ, ಆದ ಉದಾಸೀನದ ಗುರುತು. ಉತ್ತರ ಕರ್ನಾಟಕದ ಬಿಸಿಲಲ್ಲಿ ಒಂದು ದಿನದ ಉದಾಸೀನವೂ ಸಾಕು. ಪಟ್ಟಿಯನ್ನು ಲೆಕ್ಕಿಸದೆ ಅಂಕಣದಿಂದ ಅಂಕಣಕ್ಕೆ ದಾಟಿದ ಬಿರುಕು ಎರೆಮಣ್ಣಿನ ಕೆಲಸ. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಇನ್ನೊಂದು ಕಾರಣವನ್ನೂ ಲೆಕ್ಕಕ್ಕೆ ಹಿಡಿಯಬೇಕು: ನೆಲದಲ್ಲೇ ಕುಣಿ ತೋಡಿ ಕೂರಿಸಿದ ಕೈಮಗ್ಗ ನೆಲವನ್ನು ನಡುಗಿಸುವುದು ಕಡಿಮೆ, ವಿದ್ಯುತ್ ಮಗ್ಗ ಹಗಲಿರುಳು ಬಡಿಯುತ್ತದೆ, ಅದರ ಕಾಲುಗಳ ಸುತ್ತಲಿನ ನೆಲವನ್ನು ಬೆರಳಿನ ಗೆಣ್ಣಿನಿಂದ ಬಡಿದರೆ ಪದರ ಸಡಿಲಿದಲ್ಲಿ ಟೊಳ್ಳು ಸಪ್ಪಳ ಕೇಳುತ್ತದೆ.

ಸಾಣೆಯ ಕ್ರಮ ಒರಟಿನಿಂದ ನಯಕ್ಕೆ ಸಾಗುತ್ತದೆ: 60ನೇ ನಂಬರಿನ ಕಲ್ಲಿನಿಂದ ಮೊದಲ ಉಜ್ಜು, ಆಗ ಬಾಯಿಬಿಟ್ಟ ಸೂಕ್ಷ್ಮ ರಂಧ್ರಗಳಿಗೆ ಅದೇ ಬಣ್ಣದ ಸಿಮೆಂಟಿನ ತಿಳಿಗಾರೆ, ಅದು ಬಲಿತ ಮೇಲೆ 120, ಅನಂತರ 320, ಕಡೆಗೆ ಚದರ ಮೀಟರಿಗೆ 33 ಗ್ರಾಂ ಲೆಕ್ಕದಲ್ಲಿ ಆಕ್ಸಾಲಿಕ್ ಆಮ್ಲದ ಪುಡಿ ಉದುರಿಸಿ ತಿಕ್ಕುವುದು. ಯಂತ್ರ ಗೋಡೆಯ ಮೂಲೆಗೆ ಹೋಗದ ಕಾರಣ ಅಲ್ಲಿ ಕೈಯಿಂದಲೇ ಉಜ್ಜಬೇಕಾಗುತ್ತದೆ. ನಡುಭಾಗ ಹೊಳೆದು ಮೂಲೆ ಮಂಕಾಗಿರುವ ನೆಲಗಳೇ ಹೆಚ್ಚಾದ್ದರಿಂದ, ಮೂಲೆಯೂ ನಡುಭಾಗವೂ ಒಂದೇ ನಯದಲ್ಲಿರುವ ನೆಲ, ಬಚ್ಚಲಿನ ಇಳಿಜಾರಿನಲ್ಲಿ ನೀರು ಎಲ್ಲೂ ನಿಲ್ಲದಂತೆ ಕೈಯಿಂದ ತಿದ್ದಿದ ನೆಲ ಗೌಂಡಿಯ ನಿಜವಾದ ಸಹಿ. ಅಡಿಗೆಮನೆಯಲ್ಲಿ ಹುಣಸೆಹುಳಿ, ನಿಂಬೆ, ಮಜ್ಜಿಗೆ ಚೆಲ್ಲಿದಲ್ಲೆಲ್ಲ ಮಂಕು ಕಲೆ ಇರುವುದು ಸಹಜ; ಅದನ್ನು ದೋಷವೆಂದು ಎಣಿಸುವುದು ಮನೆಯವರಿಗೆ ಅಡಿಗೆ ಮಾಡಬೇಡಿರೆಂದು ಹೇಳಿದಂತಾದೀತು. ಶೌಚಾಲಯಕ್ಕೆ ಹಾಕುವ ಆ್ಯಸಿಡ್ಡಿನಿಂದ ತೊಳೆದ ನೆಲದ ಮಾತು ಬೇರೆ, ಅಲ್ಲಿ ಚೂರೂ ಸಿಮೆಂಟೂ ತಿಂದುಹೋಗಿ ಮೇಲ್ಮೈ ಒರಟಾಗಿರುತ್ತದೆ.

ದುರಸ್ತಿಯ ವಿಷಯದಲ್ಲಿ ಮೊದಲ ಶತ್ರು ಅತಿಯಾದ ಉತ್ಸಾಹ. ಸವಳು ಕಂಡೊಡನೆ ನೀರು ಸುರಿದು ತೊಳೆದರೆ ಲವಣ ಮತ್ತೆ ಕರಗಿ ಒಳಗಿಳಿದು ಇನ್ನೊಮ್ಮೆ ಮೇಲೇರುತ್ತದೆ. ಒಣ ಬ್ರಷ್‌ನಿಂದ ಗುಡಿಸಿ ತೆಗೆದು ಹೊರಗೆ ಹಾಕುವುದೇ ಸರಿ. ನೀರಿನ ಮೂಲವನ್ನು ಹುಡುಕದೆ, ಅಂದರೆ ಮನೆಯ ಹೊರಗಿನ ಚರಂಡಿ, ಸೋರುವ ನಳ, ಗೋಡೆಗೆ ತಾಗಿ ನೀರುಣ್ಣುವ ಕೈತೋಟ ಇವನ್ನು ಸರಿಪಡಿಸದೆ, ನೆಲಕ್ಕೆ ಪ್ಲಾಸ್ಟಿಕ್ಕಿನಂತೆ ಪದರ ಕಟ್ಟುವ ಲೇಪ ಬಳಿದರೆ ಒಳಗೆ ಸಿಕ್ಕಿಬಿದ್ದ ತೇವ ಆ ಪದರವನ್ನು ಗುಳ್ಳೆಗಳಾಗಿ ಎಬ್ಬಿಸುತ್ತದೆ, ಲವಣ ಕಲ್ಲಿನ ಒಳಗೇ ಹರಳುಗಟ್ಟಿ ಮೇಲ್ಮೈಯನ್ನು ಸಿಡಿಸುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿದಂಥ ನೆರೆಯ ತರುವಾಯ ಮನೆಯೊಳಗಿನ ರೇವೆಯನ್ನು ಒಣಗುವ ಮೊದಲೇ ಮೆಲ್ಲಗೆ ತೊಳೆದು ತೆಗೆಯಬೇಕು, ಒಣಗಿದ ಮೇಲೆ ತಿಕ್ಕಿದರೆ ಅದರ ಮರಳೇ ಸಾಣೆಯಾಗಿ ನಯವನ್ನು ಕೆರೆಯುತ್ತದೆ. ಪಾಲಿಶ್ ಮಾಡಿಸುವುದಕ್ಕೆ ನೆಲ ಪೂರ್ತಿ ಆರುವವರೆಗೆ ಕಾಯಬೇಕು, ಅದಕ್ಕೆ ವಾರಗಳಲ್ಲ, ತಿಂಗಳುಗಳೇ ಬೇಕಾಗಬಹುದು. ಉಜ್ಜುವ ಕೆಲಸ ನೀರು ಹಾಕಿಯೇ ನಡೆಯಬೇಕು, ಒಣ ಸಾಣೆಯ ಧೂಳು ಕೆಲಸಗಾರರ ಪುಪ್ಪುಸಕ್ಕೆ ಕೇಡು.

ಪ್ರತಿ ಸಲ ಯಂತ್ರ ಓಡಿದಾಗಲೂ 6 ಮಿ.ಮೀ. ಪದರದಿಂದ ಒಂದಿಷ್ಟು ಸವೆದುಹೋಗುತ್ತದೆ ಎಂಬುದನ್ನು ನೆನೆದರೆ, ಕನ್ನಡಿಯಂಥ ಹೊಳಪಿನ ಆಸೆಗೆ ಹಳೆಯ ನೆಲವನ್ನು ಒರಟು ಕಲ್ಲಿನಿಂದ ಮತ್ತೆ ಮತ್ತೆ ಉಜ್ಜಿಸುವುದು ದುರಸ್ತಿಗಿಂತ ಹೆಚ್ಚಾಗಿ ನೆಲದ ಆಯುಷ್ಯವನ್ನು ಖರ್ಚು ಮಾಡುವ ಕೆಲಸ. ಹಲವು ಸಲ ನಯವಾದ ಕಲ್ಲಿನ ಒಂದು ಸುತ್ತೇ ಸಾಕಾಗುತ್ತದೆ. ಒಡೆದ ಭಾಗವನ್ನು ತುಂಬುವಾಗ ಬಿರುಕಿನ ಆಕಾರಕ್ಕೇ ತೇಪೆ ಹಾಕಿದರೆ ಅದು ಎಂದೆಂದಿಗೂ ಕಣ್ಣಿಗೆ ಹೊಡೆಯುತ್ತದೆ, ಪಟ್ಟಿಯಿಂದ ಪಟ್ಟಿಯವರೆಗೆ ಇಡೀ ಅಂಕಣವನ್ನು ತೆಗೆದು ಹೊಸದಾಗಿ ಎರೆದರೆ ಬಣ್ಣದ ಅಲ್ಪ ಭೇದವನ್ನು ಪಟ್ಟಿಯ ಗೆರೆಯೇ ನುಂಗಿಕೊಳ್ಳುತ್ತದೆ. ಹೊಂದುವ ಚೂರು ಅಂಗಡಿಯಲ್ಲಿ ಸಿಗದಿದ್ದರೆ, ಒಡೆದು ತೆಗೆದ ಅಂಕಣದ ಚೂರನ್ನೇ ಬಿಡಿಸಿ ತೊಳೆದು ಹೊಸ ಚೂರಿನೊಂದಿಗೆ ಬೆರೆಸಬಹುದು. ಎರೆಯುವ ಮೊದಲು ಮೂರು ನಾಲ್ಕು ಬಗೆಯ ಪಾಕದ ಸಣ್ಣ ತುಂಡುಗಳನ್ನು ಮಾಡಿ, ಬಲಿತ ಮೇಲೆ ಉಜ್ಜಿ ನಯಗೊಳಿಸಿ, ಹಳೆಯ ನೆಲದ ಪಕ್ಕದಲ್ಲಿಟ್ಟು ಹಗಲಿನ ಬೆಳಕಿನಲ್ಲಿ ಹೋಲಿಸಬೇಕು. ಹಸಿಯಾಗಿದ್ದಾಗ ಹೊಂದಿದ ಬಣ್ಣ ಒಣಗಿದ ಮೇಲೆ ತಿಳಿಯಾಗುವುದರಿಂದ, ಹಸಿ ತುಂಡನ್ನು ನೋಡಿ ತೀರ್ಮಾನಿಸುವ ಗೌಂಡಿಯನ್ನು ಎರಡು ದಿನ ತಡೆದು ನಿಲ್ಲಿಸುವುದು ಮನೆಯವರ ಕೆಲಸ.