ಉಳಿದ ಇಪ್ಪತ್ತಮೂರು ಮಂದಿ

ವಿರಾಟಪರ್ವದ ಉತ್ತರಕುಮಾರನ ಭಾಗದಲ್ಲಿ ನಮ್ಮ ವಾಚಕರು ಎಲ್ಲೆಲ್ಲಿ ಅವಸರ ಮಾಡುತ್ತಾರೆ ಎಂದು ಈ ವಾರ ಬರೆಯುವುದಾಗಿ ಹೇಳಿದ್ದೆ. ರಥದಿಂದ ಹಾರಿ ಓಡುವುದು ಉತ್ತರನಿಗೆ ಹೊಸದಲ್ಲ. ಮುಂದಿನ ವಾರ ಹಿಡಿದು ತಂದರಾಯಿತು.

ಬೆಂಗಳೂರಿನಿಂದ ಸಾಗರಕ್ಕೆ ಬಂದ ಅಣ್ಣನ ಮಗ ಜಗಲಿ ತುಂಬ ಇಂಗ್ಲಿಷ್ ಪುಸ್ತಕ ಹರಡಿಕೊಂಡು ಕೂತಿದ್ದ. ಒಂದೊಂದೂ ಗದುಗಿನ ಭಾರತದಷ್ಟು ದಪ್ಪ. ರಾಬರ್ಟ್ ಜೋರ್ಡನ್ ಎಂಬ ಅಮೆರಿಕದ ಲೇಖಕನ ‘ವೀಲ್ ಆಫ್ ಟೈಮ್’ ಮಾಲೆಯಂತೆ. ಮಾಂತ್ರಿಕರು, ಯುದ್ಧಗಳು, ಯುಗಯುಗಕ್ಕೂ ಮರಳಿ ಹುಟ್ಟುವ ವೀರ. 1990ರಲ್ಲಿ ಶುರುವಾದ ಕಥೆ 11 ಸಂಪುಟ ಆದರೂ ಮುಗಿಯಲಿಲ್ಲ, 2007ರಲ್ಲಿ ಜೋರ್ಡನ್ ತೀರಿಕೊಂಡ. ಅವನ ಪುಸ್ತಕಗಳ ಸಂಪಾದಕಿಯೂ ಆಗಿದ್ದ ಹೆಂಡತಿ ಹ್ಯಾರಿಯೆಟ್, ಬ್ರಾಂಡನ್ ಸ್ಯಾಂಡರ್ಸನ್ ಎಂಬ ಯುವ ಲೇಖಕನನ್ನು ಕರೆದು ಗಂಡ ಬಿಟ್ಟುಹೋದ ಟಿಪ್ಪಣಿಗಳನ್ನು ಕೈಗಿತ್ತರು. ಒಂದೇ ಸಂಪುಟದಲ್ಲಿ ಮುಗಿಯಬೇಕಾಗಿದ್ದದ್ದು ಸ್ಯಾಂಡರ್ಸನ್ ಕೈಯಲ್ಲಿ ಮೂರಾಯಿತು. ಕೊನೆಯದು ಬಂದದ್ದು 2013ರಲ್ಲಿ.

“ಸತ್ತವರ ಪುಸ್ತಕಕ್ಕೆ ಇನ್ನೊಬ್ಬ ಕೈ ಹಾಕಬಾರದಿತ್ತು, ಚಿಕ್ಕಪ್ಪ” ಅಂದ ಹುಡುಗ. ಮೂರನ್ನೂ ಎರಡೆರಡು ಸಲ ಓದಿದ ಮೇಲೆ ಈ ಮಾತು!

ನಮ್ಮಲ್ಲೂ ಇಂಥ ಒಂದು ಪಂಗಡ ಇದೆ, ಅವರ ಮೇಲೆ ನನಗೆ ಹಳೆಯ ಸಿಟ್ಟೂ ಇದೆ. ತಿಮ್ಮಣ್ಣ ಕವಿಯ ಹೆಸರೆತ್ತಿದರೆ ಮೂಗು ಮುರಿಯುವವರು ಇವರು. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ, ಉಳಿದ ಪರ್ವಗಳನ್ನು ತಿಮ್ಮಣ್ಣ ಕೃಷ್ಣದೇವರಾಯನ ಇಚ್ಛೆಯಂತೆ ಅದೇ ಭಾಮಿನಿಯಲ್ಲಿ ಬರೆದು ‘ಕೃಷ್ಣರಾಯ ಭಾರತ’ ಎಂದು ರಾಯನ ಹೆಸರನ್ನೇ ಇಟ್ಟ. ಸಪ್ಪೆ, ಅನುಕರಣೆ ಎನ್ನುತ್ತಾರೆ. ಓದಿದ್ದೀರಾ ಎಂದರೆ ಉತ್ತರವಿಲ್ಲ. ಗದಾಪರ್ವ ಮುಗಿಸಿ ಮಂಗಳ ಹಾಡುವುದು, ಇನ್ನೂ ಉತ್ಸಾಹ ಉಳಿದಿದ್ದರೆ ನೇರ ಜೈಮಿನಿಗೆ ಜಿಗಿದು ಚಂದ್ರಹಾಸನನ್ನು ಹಿಡಿಯುವುದು, ಇದು ಅವರ ಪದ್ಧತಿ.

ತಿಮ್ಮಣ್ಣನ ಪಾಡು ಯೋಚಿಸಿ. ಯುದ್ಧ ಮುಗಿದಿದೆ, ಧರ್ಮರಾಯನಿಗೆ ಪಟ್ಟವೂ ಆಗಿದೆ. ಅವನ ಪಾಲಿಗೆ ಬಂದದ್ದು ಶರಶಯ್ಯೆಯ ಮೇಲಿನ ಮುದುಕನ ಉಪದೇಶ. ಶಾಂತಿಪರ್ವವನ್ನು ರಾತ್ರಿಯ ಸಭೆಗೆ ರಂಜಿಸುವಂತೆ ಬರೆಯಿರಿ ಎಂದರೆ ಎಂಥ ಕವಿಯೂ ಬೆವರಬೇಕು. ಕೃಷ್ಣಕಥೆ ಹೇಳುತ್ತೇನೆಂದು ಹೊರಟ ಕುಮಾರವ್ಯಾಸ ನಾರಣಪ್ಪ ಕೃಷ್ಣನ ಸಾವನ್ನು ಬರೆಯದೆ ಉಳಿಸಿದ. ಆ ಮೌಸಲಪರ್ವವೂ ತಿಮ್ಮಣ್ಣನ ತಲೆಗೇ ಬಂತು. ಆದರೂ ಇಲ್ಲಿ ಒಂದು ತೊಡಕು ಉಂಟು, ಒಪ್ಪುತ್ತೇನೆ. ನಾರಣಪ್ಪನ ಕಾವ್ಯ ಅರ್ಧಕ್ಕೆ ತುಂಡಾದದ್ದಲ್ಲ. ತನಗೆ ಬೇಕಾದಲ್ಲಿಗೆ ಮುಟ್ಟಿ ನಿಂತದ್ದು. ನಿಂತದ್ದನ್ನು ನಡೆಸಲು ರಾಯ ಹೇಳಿದ, ತಿಮ್ಮಣ್ಣ ನಡೆಸಿದ.

ನಿಜವಾಗಿ ತುಂಡಾದ ಕಾವ್ಯ ಬೇಕೆಂದರೆ ಜಿನಸೇನಾಚಾರ್ಯರ ಮಹಾಪುರಾಣಕ್ಕೇ ಹೋಗಬೇಕು. ಹೊಸನಗರದ ಕಡೆಯವರಿಗೆ ಹುಂಚದಲ್ಲಿ ಕೇಳಿದ ಹೆಸರು. ಈ ಹುಡುಗರು ಮಾಲೆ ಮಾಲೆ ಎನ್ನುತ್ತಾರಲ್ಲ, ಅರುವತ್ತಮೂರು ಶಲಾಕಾಪುರುಷರು, ಒಬ್ಬೊಬ್ಬರಿಗೂ ಬೆನ್ನಟ್ಟಿ ಬರುವ ಹಿಂದಿನ ಜನ್ಮಗಳು, ಹಗೆಯೂ ಹೊಸ ಹೆಸರಿನಲ್ಲಿ ಮರಳಿ ಹುಟ್ಟುವ ಲೋಕ! ಇದರ ಮುಂದೆ ಹದಿನಾಲ್ಕು ಸಂಪುಟ ಏನು ಮಹಾ. ಜಿನಸೇನರು ಮೊದಲ ತೀರ್ಥಂಕರನ ಕಥೆಯಲ್ಲೇ 42 ಪರ್ವ ಮುಗಿಸಿ, 43ನೆಯದರಲ್ಲಿ ಮೂರು ಶ್ಲೋಕ ಬರೆಯುವಷ್ಟರಲ್ಲಿ ತೀರಿಕೊಂಡರು. ಶಿಷ್ಯ ಗುಣಭದ್ರ ನಾಲ್ಕನೆಯ ಶ್ಲೋಕದಿಂದ ಹಿಡಿದ. ತಮಾಷೆಯೆಂದರೆ ಜಿನಸೇನರೂ ಇದೇ ಕೆಲಸ ಮಾಡಿದವರು. ಅವರ ಗುರು ವೀರಸೇನರು ಜಯಧವಲಾ ಟೀಕೆಯನ್ನು 20,000 ಶ್ಲೋಕದಷ್ಟು ಬರೆದು ಬಿಟ್ಟುಹೋಗಿದ್ದರು; ಇನ್ನೂ 40,000 ಸೇರಿಸಿ ಮುಗಿಸಿದವರು ಈ ಜಿನಸೇನರೇ.

ಗುಣಭದ್ರ ಕೆಲಸ ಶುರುಮಾಡುವಾಗ ಆಡಿದ ಮಾತುಗಳು ನನಗೆ ಬಹಳ ಪ್ರಿಯ. ಕಬ್ಬಿನ ಹಾಗೆ ಈ ಕಾವ್ಯದ ಮೊದಲ ಅರ್ಧವೇ ರಸವುಳ್ಳದ್ದು, ಮುಂದಿನದು ಹೇಗಾದರೂ ಆಗಲಿ ಎಂದುಕೊಂಡೇ ಆರಂಭಿಸುತ್ತಿದ್ದೇನೆ ಎನ್ನುತ್ತಾನೆ. ನನ್ನ ಮಾತು ರುಚಿಯಾದರೆ ಅದು ಗುರುಗಳ ಮಹಿಮೆ, ಹಣ್ಣು ಸಿಹಿಯಾಗುವುದು ಮರದ ಗುಣ ಎನ್ನುತ್ತಾನೆ. ಮಾತು ಹೊರಡುವುದು ಹೃದಯದಿಂದ, ಅಲ್ಲಿ ಗುರುಗಳೇ ಕೂತಿದ್ದಾರೆ, ತಿದ್ದುವವರು ಅವರೇ, ನನಗೇನು ಶ್ರಮ ಎಂದೂ ಕೇಳುತ್ತಾನೆ. ವಿನಯ ಹೌದು. ಜೊತೆಗೆ ಜಾಣತನವೂ ಇದೆ: ತಪ್ಪು ಹುಡುಕಹೊರಟವನು ಈಗ ಗುರುವಿನ ತಪ್ಪನ್ನೇ ಹುಡುಕಬೇಕು! ಬಾಣನ ಕಾದಂಬರಿಯನ್ನು ಮುಗಿಸಿದ ಅವನ ಮಗನೂ ಹೀಗೇ. ತಂದೆಯೊಡನೆ ಕಥೆಯೂ ಕಡಿದುಹೋಯಿತೆಂದು ಸಜ್ಜನರು ನೊಂದದ್ದನ್ನು ಕಂಡು ಬರೆದೆ, ಕವಿಯೆಂಬ ಗರ್ವದಿಂದಲ್ಲ ಎಂದು ಹೇಳಿಕೊಂಡೇ ಶುರುಮಾಡುತ್ತಾನೆ. ಇಬ್ಬರೂ ಬೆಸುಗೆಯನ್ನು ಮುಚ್ಚಲಿಲ್ಲ. ನಾರಣಪ್ಪನದೇ ದನಿ ಎಂಬಂತೆ ನಾಲ್ಕು ಷಟ್ಪದಿ ಹೊಸೆದು ವಾಚನದ ನಡುವೆ ತೂರಿಸುವ ಚಾಳಿ ಕೆಲವರಿಗಿದೆ. ಅವರು ಈ ಪೀಠಿಕೆಗಳನ್ನು ಓದಬೇಕು.

ಜಿನಸೇನರ ಲೆಕ್ಕದಲ್ಲಿ ನಡೆದಿದ್ದರೆ ಉಳಿದ 23 ತೀರ್ಥಂಕರರಿಗೆ ಇನ್ನು ಮೂರು ತಲೆಮಾರಿನ ಶಿಷ್ಯರು ಬೇಕಾಗುತ್ತಿತ್ತು. ಒಬ್ಬ ಆದಿನಾಥನಿಗೆ ಸುಮಾರು 12,000 ಶ್ಲೋಕ ಆಯಿತು. ಗುಣಭದ್ರ ಉಳಿದ ಅಷ್ಟೂ ಮಂದಿಯನ್ನು, ರಾಮಾಯಣವನ್ನೂ ಕೃಷ್ಣಕಥೆಯನ್ನೂ ಸೇರಿಸಿ, ಸುಮಾರು 8,000ದಲ್ಲಿ ಮುಗಿಸಿದ. ಅತಿವಿಸ್ತಾರದ ಭಯ, ಕಾಲವೂ ಕ್ಷೀಣಿಸುತ್ತಿತ್ತು ಎಂದು ಕಾವ್ಯದ ಕೊನೆಯ ಪ್ರಶಸ್ತಿಯಲ್ಲೇ ಇದೆ. ಒಂದನ್ನು ಮೂರು ಮಾಡಿದ ಸ್ಯಾಂಡರ್ಸನ್ ಈ ಮಾತನ್ನು ಕೇಳಿದ್ದರೆ ಚೆನ್ನಾಗಿತ್ತು. ಗುಣಭದ್ರ ಬರೆದ ಈ ಭಾಗಕ್ಕೆ, ಅಂದರೆ ಉತ್ತರಪುರಾಣಕ್ಕೆ, ಶಕ 820ರಲ್ಲಿ ಪೂಜೆ ನಡೆದದ್ದು ಬಂಕಾಪುರದಲ್ಲಿ, ನಮ್ಮ ಮಗ್ಗುಲಿನ ಬನವಾಸಿ ನಾಡನ್ನು ಲೋಕಾದಿತ್ಯ ಅಲ್ಲಿಂದ ಆಳುತ್ತಿದ್ದಾಗ.

ಚುಟುಕಾಗಿ ಬರೆದದ್ದರಿಂದ ಕನ್ನಡಕ್ಕೆ ಆದ ಲಾಭ ನೋಡಿ. ಜಿನಸೇನರ ತುಂಬು ಕಥೆಯನ್ನು 941ರಲ್ಲಿ ಪಂಪ ಆದಿಪುರಾಣಕ್ಕೆ ಎತ್ತಿಕೊಂಡ. ಬಹುಪಾಲು ಅವರು ಹಾಕಿದ ದಾರಿಯಲ್ಲೇ ನಡೆದ. ಗುಣಭದ್ರನ ಹಿಂದೆ ಬಂದವರಿಗೆ ದಾರಿಯೇ ಇರಲಿಲ್ಲ, ಜಾಗ ಬೇಕಾದಷ್ಟಿತ್ತು. ರನ್ನನ ಅಜಿತನಾಥ, ನಾಗಚಂದ್ರನ ಮಲ್ಲಿನಾಥ, ಜನ್ನನ ಅನಂತನಾಥ, ಎಲ್ಲರೂ ಆ ಇಪ್ಪತ್ತಮೂರರ ಪೈಕಿಯವರು.

ಜನ್ನನಲ್ಲಿ ಬರುವ ಚಂಡಶಾಸನನ ಕಥೆಯನ್ನೇ ತೆಗೆದುಕೊಳ್ಳಿ. ಗುಣಭದ್ರ ಕೆಲವೇ ಶ್ಲೋಕಗಳಲ್ಲಿ ಹೇಳಿ ಮುಂದೆ ಹೋಗಿಬಿಡುತ್ತಾನೆ: ರಾಜ ವಸುಷೇಣನ ಮನೆಗೆ ಗೆಳೆಯ ಚಂಡಶಾಸನ ಬಂದ, ಅವನ ಹೆಂಡತಿಯನ್ನು ಕದ್ದೊಯ್ದ, ವಸುಷೇಣ ವಿರಕ್ತನಾದ. ಶಲಾಕಾಪುರುಷರ ಪೈಕಿಯ ವಾಸುದೇವ-ಪ್ರತಿವಾಸುದೇವರ ಹಗೆಗೆ ಕಾರಣ ಬೇಕಿತ್ತು, ಕೊಟ್ಟಾಯಿತು. ಮುನ್ನೂರು ವರ್ಷ ಕಳೆದು 1230ರ ಹೊತ್ತಿಗೆ ಜನ್ನ ಅಲ್ಲೇ ನಿಲ್ಲುತ್ತಾನೆ. ಗೆಳೆಯನ ಕಣ್ಣು ವಸುಷೇಣನ ಹೆಂಡತಿ ಸುನಂದೆಯ ಮೇಲೆ ಬಿದ್ದದ್ದು, ಅವನಿಗೇ ಅವನು ಅಂಕೆ ಮೀರಿದ್ದು, ಕದ್ದೊಯ್ದ ಮೇಲೂ ಅವಳು ಮಣಿಯದ್ದು. ಗಂಡ ಸತ್ತನೆಂದು ನಂಬಿಸಲು ಅವನದೇ ಎಂದು ಒಂದು ತಲೆಯನ್ನು ತೋರಿಸುತ್ತಾನೆ. ಅದನ್ನು ಕಂಡದ್ದೇ ಅವಳ ಪ್ರಾಣ ಹೋಗುತ್ತದೆ. ಚಂಡಶಾಸನ ಅವಳ ಚಿತೆಯನ್ನೇ ಏರುತ್ತಾನೆ. ಗುಣಭದ್ರನಿಗೆ ಅವನು ಬರೀ ಖಳ. ಜನ್ನನಲ್ಲಿ ಅವನನ್ನು ಬೈಯಲು ಹೋದವರಿಗೆ ಗಂಟಲು ಕಟ್ಟುತ್ತದೆ. ಗುಣಭದ್ರನೇ ಇದನ್ನು ನಾಲ್ಕು ಪರ್ವ ಹಿಗ್ಗಿಸಿದ್ದರೆ ಜನ್ನನಿಗೆ ಉಳಿಯುತ್ತಿದ್ದದ್ದು ಅನುವಾದ ಮಾತ್ರ.

ನಮ್ಮ ಮೂರು ತಾಲ್ಲೂಕಿನ ಸಭೆಗಳಲ್ಲಿ ಇದನ್ನು ವಾಚಿಸಿದವರನ್ನು ನಾನು ಕೇಳಿಲ್ಲ. ಚಂಪು, ಕಂದ-ವೃತ್ತಗಳಿಗೆ ರಾಗ ಕೂರುವುದಿಲ್ಲ ಎಂಬ ನೆವ. ಕೂರದಿದ್ದರೆ ಒಳ್ಳೆಯದೇ, ಆಲಾಪನೆ ಕಡಿಮೆಯಾಗಿ ಪದ್ಯ ಕಿವಿಗೆ ಬೀಳುತ್ತದೆ. ಈ ಸಲ ಅಡಿಕೆ ಸುಲಿಯುವ ಚಪ್ಪರಗಳಲ್ಲಿ ಯಾರಾದರೂ ಚಂಡಶಾಸನನನ್ನು ತೆಗೆಯಲಿ. ತೀರ್ಥಹಳ್ಳಿಯಲ್ಲಾಗಲಿ ಹೊಸನಗರದಲ್ಲಾಗಲಿ, ಎರಡು ರಾತ್ರಿ ಸಾಕು. ವ್ಯಾಖ್ಯಾನಕ್ಕೆ ಯಾರೂ ಸಿಗದಿದ್ದರೆ ನಾನೇ ಬರುತ್ತೇನೆ, ಬಸ್ ಚಾರ್ಜನ್ನೂ ಕೇಳುವುದಿಲ್ಲ.