ಪಟ್ಟಿಯಲ್ಲಿಲ್ಲದ ಅಳತೆ

ಮಗ ಒಂದು ಕಡೆ ಕೂರುವುದಿಲ್ಲವೆಂದು ಮನ್ನಳ್ಳಿಯ ತಾಯಿಯೊಬ್ಬಳು ಮೊಬೈಲಿನಲ್ಲಿ ಕಾರಣ ಹುಡುಕಿದಳು ಎನ್ನಿ. ಕನ್ನಡದಲ್ಲೇ ಎಡಿಎಚ್‌ಡಿ ಕುರಿತ ಬರಹಗಳು ಸಿಗುತ್ತವೆ. ನನ್ನ ತಕರಾರು ಆ ಗದ್ಯದ ಬಗ್ಗೆ. ಗಮನ ಕೊಡದಿರುವುದು, ಚಡಪಡಿಸುವುದು, ವಸ್ತು ಕಳೆದುಕೊಳ್ಳುವುದು ಎಂದು ಪಟ್ಟಿ ಕೊಟ್ಟು ಎಷ್ಟೋ ಬರಹಗಳು ಮುಗಿದುಬಿಡುತ್ತವೆ. ಆ ಪಟ್ಟಿಗೆ ಸಿಕ್ಕದ ಮಗು ಯಾವ ಮನೆಯಲ್ಲಿದೆ?

ಮನೋವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ ಲಕ್ಷಣಗಳ ಜೊತೆಗೆ ಅಳತೆಯನ್ನೂ ಹೇಳುತ್ತದೆ: ಮಕ್ಕಳಲ್ಲಿ ಕನಿಷ್ಠ 6 ಲಕ್ಷಣಗಳು 6 ತಿಂಗಳಾದರೂ ಇರಬೇಕು; ಕೆಲವಾದರೂ 12 ವರ್ಷಕ್ಕೆ ಮುಂಚೆಯೇ ಶುರುವಾಗಿರಬೇಕು; ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು; ದಿನದ ಬದುಕಿಗೆ ಅಡ್ಡಿಯಾಗಬೇಕು. ಈ ‘ಎಷ್ಟು, ಎಲ್ಲಿ, ಎಂದಿನಿಂದ’ ಬಿಟ್ಟುಹೋದರೆ ಒಬ್ಬ ತಾಯಿಗೆ ತುಂಟನೂ ರೋಗಿಯಾಗಿ ಕಾಣುತ್ತಾನೆ. ಇನ್ನೊಬ್ಬಳು ಎಲ್ಲ ಮಕ್ಕಳೂ ಹೀಗೇ ಎಂದುಕೊಂಡು, ನೆರವು ಬೇಕಾದ ಮಗುವಿಗೆ ಬೈಗುಳ ಕೊಡುತ್ತಾಳೆ.

ಅನುಪಮಾ ನಿರಂಜನ, ಸಿ.ಆರ್. ಚಂದ್ರಶೇಖರ್ ಅವರಂಥ ವೈದ್ಯರು ಕನ್ನಡದಲ್ಲಿ ಬರೆದಾಗ ಪುಸ್ತಕದ ಮೇಲೆ ಹೆಸರಿತ್ತು. ಮಾತಿಗೆ ಹೊಣೆ ಹೊರುವವರಿದ್ದರು. ಮೊಬೈಲಿನ ಬರಹಕ್ಕೂ ಅದೇ ಪ್ರಶ್ನೆ ಕೇಳಬೇಕು: ಬರೆದವರು ಯಾರು? ಆಮೇಲೆ ಮಗು ಎಲ್ಲಿ, ಯಾವಾಗ ಹೇಗಿರುತ್ತದೆ ಎಂದು ತಾಯಿಯೇ ಗುರುತು ಹಾಕಿಕೊಂಡು ವೈದ್ಯರ ಹತ್ತಿರ ಹೋಗಲಿ. ಅವಳ ಆ ನಾಲ್ಕು ಸಾಲು ಎಷ್ಟೋ ಪಟ್ಟಿಗಳಿಗಿಂತ ಒಳ್ಳೆಯ ಗದ್ಯ.