ಗುರುಗೃಹದಲ್ಲಿ ಮಗು: ಕಲಾವಿದರ ಜೀವನಚರಿತ್ರೆಗಳಲ್ಲಿ ವಾದ್ಯಶಿಕ್ಷಣದ ಚಿತ್ರ

ಕನ್ನಡದಲ್ಲಿ ಸಂಗೀತಗಾರರನ್ನು ಕುರಿತ ಬರಹಗಳಿಗೆ ಕೊರತೆಯಿಲ್ಲ. ಮೈಸೂರು ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’, ಡಿ. ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಯ ಕಲೋಪಾಸಕರ ಸಂಪುಟ, ಮಲ್ಲಿಕಾರ್ಜುನ ಮನಸೂರರ ‘ನನ್ನ ರಸಯಾತ್ರೆ’ ಮೊದಲಾದವು ಇತಿಹಾಸಕಾರನಿಗೆ ಆಕರಗಳಾಗಿಯೂ ರಸಿಕನಿಗೆ ಸತ್ಸಂಗವಾಗಿಯೂ ಒದಗಿ ಬಂದಿವೆ. ಇವುಗಳ ಸುತ್ತ ಅಭಿನಂದನ ಗ್ರಂಥಗಳು, ಸ್ಮರಣ ಸಂಚಿಕೆಗಳು, ಶತಮಾನೋತ್ಸವದ ಕಿರುಹೊತ್ತಗೆಗಳು ರಾಶಿಯಾಗಿ ಬೆಳೆದಿವೆ. ಈ ರಾಶಿಯನ್ನು, ವಿಶೇಷವಾಗಿ ಅದರ ಕೆಳಗಿನ ಪದರವಾದ ಕಿರುಹೊತ್ತಗೆಗಳನ್ನು, ಒಂದೇ ಒಂದು ಪ್ರಶ್ನೆಯನ್ನು ಹಿಡಿದು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ವಾದ್ಯವನ್ನು ಕಲಿಯಲು ಕುಳಿತ ಮಗುವಿನ ಮನಸ್ಸಿನ ಸ್ಥಿತಿಯೇನು?

ಈ ಪ್ರಶ್ನೆಗೆ ಸ್ಮರಣ ಸಾಹಿತ್ಯವು ಕೊಡುವ ಉತ್ತರ ಬಹುಮಟ್ಟಿಗೆ ಒಂದೇ ಬಗೆಯದು. ಗುರುಗಳು ಉಗ್ರಸ್ವಭಾವದವರು, ಅಪಸ್ವರ ಬಂದರೆ ಸಹಿಸರು, ಶಿಷ್ಯನು ಅತ್ತನು, ಹಸಿದನು, ಪೆಟ್ಟು ತಿಂದನು, ಆದಕಾರಣ ವಿದ್ವಾಂಸನಾದನು. ‘ಛಡಿ ಚಂ ಚಂ, ವಿದ್ಯೆ ಘಂ ಘಂ’ ಎಂಬ ನಮ್ಮ ಹಳೆಯ ಗಾದೆಯೇ ಇಲ್ಲಿ ಗದ್ಯರೂಪ ತಾಳಿದೆ. ‘ಅತ್ತನು’ ಎಂಬುದಕ್ಕೂ ‘ವಿದ್ವಾಂಸನಾದನು’ ಎಂಬುದಕ್ಕೂ ನಡುವೆ ನಿಂತಿರುವ ಆ ‘ಆದಕಾರಣ’ವು ಎಲ್ಲಿಂದ ಬಂತೆಂದು ಯಾರೂ ಕೇಳಿದಂತಿಲ್ಲ.

ಆಕರಗಳ ಸ್ವರೂಪವನ್ನೇ ಮೊದಲು ನೋಡಬೇಕು. ಸ್ಮರಣ ಸಂಚಿಕೆ ಹೊರಡುವುದು ಗೆದ್ದವರಿಗೆ. ಒಬ್ಬ ಗುರುವಿನ ಮನೆಯಲ್ಲಿ ಇಪ್ಪತ್ತು ಹುಡುಗರು ಪಾಠಕ್ಕೆ ಕುಳಿತು ಹದಿನೆಂಟು ಮಂದಿ ಎದ್ದುಹೋದರೆ ಉಳಿದ ಇಬ್ಬರ ಮಾತು ಮಾತ್ರ ನಮ್ಮ ಕೈಸೇರುತ್ತದೆ. ಆ ಇಬ್ಬರೂ ಗುರುವಿನ ಮೇಲಣ ಭಕ್ತಿಯಿಂದ, ಅರವತ್ತರ ವಯಸ್ಸಿನಲ್ಲಿ, ಹತ್ತರ ವಯಸ್ಸಿನ ನೋವನ್ನು ಹರಸುತ್ತಾರೆ. ಶಾಸನವನ್ನು ಓದುವಾಗ ಅದನ್ನು ಕೆತ್ತಿಸಿದವನಾರೆಂದು ವಿಚಾರಿಸುವ ನಾವು ಇಲ್ಲಿ ಮಾತ್ರ ಆ ವಿವೇಕವನ್ನು ಕಳೆದುಕೊಂಡಿದ್ದೇವೆ. ಕಾಠಿಣ್ಯವು ವಿದ್ವಾಂಸರನ್ನು ನಿರ್ಮಿಸಿತೋ, ಅಥವಾ ಕಾಠಿಣ್ಯವನ್ನೂ ದಾಟಿ ಕೆಲವರು ಉಳಿದರೋ ಎಂಬುದನ್ನು ಈ ಆಕರಗಳಿಂದ ನಿರ್ಣಯಿಸಲಾಗದು.

ಪಿಟೀಲು ಚೌಡಯ್ಯನವರ ನಿದರ್ಶನವನ್ನು ತೆಗೆದುಕೊಳ್ಳೋಣ. ತಿರುಮಕೂಡಲಿನ ಈ ಹುಡುಗನು 1910ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿಗೆ ಸೇರಿದನು. ಗುರುಗಳ ನಿಷ್ಠುರತೆಯನ್ನು ವರ್ಣಿಸದ ಚೌಡಯ್ಯ ಚರಿತ್ರೆ ವಿರಳ. ಆದರೆ ಇದೇ ಶಿಷ್ಯನು ಮುಂದೆ ಗುರುವಿನ ಹಾಡಿಕೆಗೇ ಪಕ್ಕವಾದ್ಯ ನುಡಿಸಿದನೆಂಬುದನ್ನು ಅವು ಅಲಂಕಾರದ ಮಾತಾಗಿ ಹೇಳಿ ಮುಗಿಸುತ್ತವೆ. ಅದು ಅಲಂಕಾರವಲ್ಲ, ಗುರುವು ಶಿಷ್ಯನನ್ನು ತನ್ನ ಪಕ್ಕದಲ್ಲಿ, ಸಭೆಯ ಎದುರಿಗೆ ಕೂರಿಸಿಕೊಳ್ಳುವುದೆಂದರೆ ನಂಬಿಕೆಯ ಬಹಿರಂಗ ಘೋಷಣೆ. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ನಾದ ಸಾಲದೆಂದು ನಾಲ್ಕು ತಂತಿಯ ವಾದ್ಯವನ್ನು ಏಳು ತಂತಿಯದಾಗಿ ಮಾರ್ಪಡಿಸಲು ಚೌಡಯ್ಯನವರಿಗೆ ಧೈರ್ಯ ಬಂದದ್ದು ಪೆಟ್ಟಿನಿಂದಲೋ, ಈ ನಂಬಿಕೆಯಿಂದಲೋ? ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಸಂಭವನೀಯ. ಹೆದರಿ ಕಲಿತವನು ವಾದ್ಯದ ಮೈಯನ್ನು ಬದಲಿಸಲು ಹೋಗುವುದಿಲ್ಲ.

ವೀಣೆ ಶೇಷಣ್ಣನವರ (1852–1926) ಬಾಲ್ಯದ ವೃತ್ತಾಂತದಲ್ಲಿ ತಂದೆ ಚಿಕ್ಕರಾಮಪ್ಪನವರೂ ಆಸ್ಥಾನವೂ ಪುಟಗಟ್ಟಲೆ ಬರುತ್ತವೆ. ತಂದೆ ತೀರಿಕೊಂಡ ಮೇಲೆ ಹುಡುಗನಿಗೆ ವೀಣೆಯನ್ನು ಮುಂದುವರಿಸಿ ಕಲಿಸಿದವರಲ್ಲಿ ಅಕ್ಕ ವೆಂಕಟಮ್ಮನವರೂ ಒಬ್ಬರೆಂಬುದು ಒಂದು ಸಾಲಿನಲ್ಲಿ ಮುಗಿಯುತ್ತದೆ. ತಂದೆಯನ್ನು ಕಳೆದುಕೊಂಡ ಮಗುವೊಂದು ಅದೇ ದುಃಖದಲ್ಲಿದ್ದ ಅಕ್ಕನ ಮುಂದೆ ವೀಣೆ ಹಿಡಿದು ಕುಳಿತ ಸನ್ನಿವೇಶವು ನಮ್ಮ ಚರಿತ್ರಕಾರರ ಕಣ್ಣಿಗೆ ಸಂಗೀತದ ಇತಿಹಾಸವಾಗಿ ಕಾಣಲಿಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ವಿಷಯ ಇದಕ್ಕಿಂತ ಸಂಕೀರ್ಣವಾದುದು. ಅಲ್ಲಿ ಸ್ವಲ್ಪ ನಿಲ್ಲಬೇಕು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಅಂಧರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳನ್ನು ಕಲಿತು, ಆರಂಭದಲ್ಲಿ ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುತ್ತಲೇ ಪಾಠ ನಡೆಸಿದರು. ಬಳಿಕ ಗದಗಿನಲ್ಲಿ ನೆಲೆನಿಂತರು. ಬಂದ ಮಕ್ಕಳಲ್ಲಿ ಬಹುಮಂದಿ ಕುರುಡರು, ಅನಾಥರು, ಬಡವರು. ಹೊಟ್ಟೆಗೆ ಅನ್ನ, ಮಲಗಲು ತಾವು, ಕೈಗೆ ಹಾರ್ಮೋನಿಯಮ್ ಅಥವಾ ತಬಲ, ಪಿಟೀಲು ಅಥವಾ ಸಾರಂಗಿ. ಖರ್ಚನ್ನು ಸರಿದೂಗಿಸಲು ನಾಟಕ ಕಂಪನಿ. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು (1914–2010) ಈ ಹೊರೆಯನ್ನು ಹೊತ್ತು ಆರು ದಶಕಗಳಿಗೂ ಮೀರಿ ನಡೆಸಿದರು. ಬಸವರಾಜ ರಾಜಗುರುಗಳು ಹಿಂದಿನ ತಲೆಮಾರಿನ ಶಿಷ್ಯರು. 1968ರಲ್ಲಿ ಆಶ್ರಮಕ್ಕೆ ಬಂದು ಹನ್ನೆರಡು ವರ್ಷ ಅಲ್ಲಿಯೇ ಇದ್ದ ವೆಂಕಟೇಶಕುಮಾರರು ಈಚಿನವರು.

ಪುಟ್ಟರಾಜರೂ ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡವರು. ಸೋದರಮಾವನು ಬಾರಿಸುತ್ತಿದ್ದ ಹಾರ್ಮೋನಿಯಮ್ಮನ್ನು ತಡವಿ ತಡವಿ ನುಡಿಸಲೆತ್ನಿಸಿದ ಹುಡುಗನ ಆಸಕ್ತಿಯನ್ನು ಕಂಡು ಆ ಮಾವನೇ ಅವರನ್ನು ಪಂಚಾಕ್ಷರಿ ಗವಾಯಿಗಳ ಬಳಿಗೆ ಕರೆದೊಯ್ದನೆಂದು ವೃತ್ತಾಂತವಿದೆ. ಭಕ್ತಿಸಾಹಿತ್ಯವು ಇದನ್ನು ಪೂರ್ವಜನ್ಮದ ಸಂಸ್ಕಾರವೆಂದು ವ್ಯಾಖ್ಯಾನಿಸಿ ಮುಂದುವರಿಯುತ್ತದೆ. ಮಾವನು ಮುಟ್ಟಬೇಡವೆಂದು ಗದರಲಿಲ್ಲವೆಂಬುದೇ ಈ ಕಥೆಯ ತಿರುಳೆಂದು ನನಗೆ ತೋರುತ್ತದೆ. ಹಾರ್ಮೋನಿಯಮ್ಮಿಗೆ ಇನ್ನೊಂದು ಗುಣವೂ ಉಂಟು: ಮನೆ ಒತ್ತಿದರೆ ಸ್ವರ ಸಿದ್ಧವಾಗಿ ಬರುತ್ತದೆ, ಕಾಣದ ಮಗುವಿಗೆ ಅದು ಮೊದಲ ದಿನವೇ ಉತ್ತರ ಕೊಡುತ್ತದೆ. ಪಿಟೀಲು ಹಾಗಲ್ಲ. ಅದರಲ್ಲಿ ಮೆಟ್ಟಿಲುಗಳಿಲ್ಲ, ಬೆರಳು ಎಳ್ಳಷ್ಟು ಸರಿದರೂ ಅಪಸ್ವರ, ಮತ್ತು ಆ ಅಪಸ್ವರವನ್ನು ಮನೆಮಂದಿಯೆಲ್ಲ ಕೇಳುತ್ತಾರೆ. ಲೆಕ್ಕ ತಪ್ಪಿದ ಮಗುವಿನ ತಪ್ಪು ಸ್ಲೇಟಿನಲ್ಲಿ ಅಡಗಿರುತ್ತದೆ. ಪಿಟೀಲು ಹಿಡಿದ ಮಗುವಿನ ತಪ್ಪು ಬೀದಿಗೆ ಬೀಳುತ್ತದೆ. ವಾದ್ಯದಿಂದ ವಾದ್ಯಕ್ಕೆ ಮಗುವಿನ ನಾಚಿಕೆಯ ಪ್ರಮಾಣವೇ ಬೇರೆಯೆಂಬ ಈ ಸರಳ ಸಂಗತಿಯನ್ನು ಚರ್ಚಿಸಿದ ಒಂದು ಪುಟವೂ ನಾನು ಓದಿದ ಚರಿತ್ರೆಗಳಲ್ಲಿ ಕಾಣಸಿಗಲಿಲ್ಲ.

ಆಶ್ರಮದ ಶಿಸ್ತು ಮೃದುವಾಗಿತ್ತೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಆದರೆ ಅಲ್ಲಿ ಕಲಿಸುವವನೂ ಅಂಧ, ಕಲಿಯುವವನೂ ಅಂಧ. ಗುರುವು ದಾಟಿಬಂದ ಕತ್ತಲೆಯನ್ನೇ ಶಿಷ್ಯನು ದಾಟಬೇಕಾಗಿತ್ತು. ಪಾಠ ಒಪ್ಪಿಸದಿದ್ದರೂ ರಾತ್ರಿಯ ಊಟ ತಪ್ಪದೆಂಬ ಭರವಸೆಯನ್ನು ದಾಸೋಹವು ಕೊಟ್ಟಿತು. ಆಶ್ರಮವನ್ನು ಕುರಿತ ಬರಹಗಳು ಸ್ವಾಮಿಗಳ ಪವಾಡವನ್ನು ವರ್ಣಿಸುವ ಭರದಲ್ಲಿ ಈ ಅನ್ನದ ಲೆಕ್ಕವನ್ನು ಬಿಟ್ಟಿವೆ. ಏಳು ವರ್ಷದ ಹುಡುಗನೊಬ್ಬನು ಅಲ್ಲಿ ಕಳೆದ ಮೊದಲ ರಾತ್ರಿ ಹೇಗಿತ್ತೆಂದು ನಾವು ಅರಿಯೆವು.

ಸಂಪ್ರದಾಯವು ಮಗುವಿನ ಮನಸ್ಸನ್ನು ಲೆಕ್ಕಿಸಲೇ ಇಲ್ಲವೆಂದರೂ ಅನ್ಯಾಯವಾದೀತು. ಪುರಂದರದಾಸರ ಹೆಸರಿನಲ್ಲಿ ಬಂದಿರುವ ಸರಳೆವರಸೆಗಳ ಕ್ರಮವನ್ನೇ ನೋಡಬಹುದು. ಮಾಯಾಮಾಳವಗೌಳ ಒಂದೇ ರಾಗ, ಆದಿ ಒಂದೇ ತಾಳ; ಒಂದು ವರಸೆಯಿಂದ ಇನ್ನೊಂದಕ್ಕೆ ಆಗುವ ವ್ಯತ್ಯಾಸ ಸ್ವಲ್ಪವೇ. ಅದನ್ನೇ ಮೂರು ಕಾಲಗಳಲ್ಲಿ ನುಡಿಸಬೇಕು. ಹೆಜ್ಜೆ ಎಲ್ಲಿ ಇಡಬೇಕು, ಎಲ್ಲಿ ಮುಗಿಯುತ್ತದೆ ಎಂಬುದು ಮಗುವಿಗೆ ಮೊದಲೇ ಗೊತ್ತಿರುತ್ತದೆ. ಎಳೆಯ ಮನಸ್ಸಿನ ಭಯವನ್ನು ಬಲ್ಲವರು ಮಾತ್ರ ಇಂಥ ಪಾಠಕ್ರಮವನ್ನು ರಚಿಸಬಲ್ಲರು. ಇಂದು ಎಷ್ಟೋ ಮನೆಗಳಲ್ಲಿ ಇದೇ ವರಸೆಯು ಜೂನಿಯರ್ ಪರೀಕ್ಷೆಯ ದಿನಾಂಕಕ್ಕೆ ಕಟ್ಟುಬಿದ್ದು, ದಾಟಬೇಕಾದ ಗಡಿಯಾಗಿ ಮಾತ್ರ ಉಳಿದಿದೆ. ಇದಕ್ಕೆ ದಾಸರು ಹೊಣೆಯಲ್ಲ.

ಇಲ್ಲಿ ಲೇಖಕನು ತನ್ನ ವಿಷಯವನ್ನು ಸ್ವಲ್ಪ ಹೇಳಿಕೊಳ್ಳುವುದು ನ್ಯಾಯ. ಏಕೆಂದರೆ ಈ ವಿಮರ್ಶೆಯು ನಿಷ್ಪಕ್ಷಪಾತಿಯದಲ್ಲ. ನಾನು ಸಕಲೇಶಪುರ ತಾಲ್ಲೂಕಿನ ಹಾನುಬಾಳಿನವನು. ಕಾಫಿ ತೋಟವೊಂದರಲ್ಲಿ ರೈಟರಾಗಿದ್ದ ತಂದೆಯವರು ನನ್ನ ಒಂಬತ್ತನೆಯ ವಯಸ್ಸಿನಲ್ಲಿ ಪಿಟೀಲು ಕೊಡಿಸಿ ಪಟ್ಟಣದ ಮೇಷ್ಟರೊಬ್ಬರಲ್ಲಿ ಪಾಠಕ್ಕೆ ಬಿಟ್ಟರು. ವಾದ್ಯವು ದೊಡ್ಡವರ ಅಳತೆಯದು, ತೋಳು ಮುಟ್ಟುತ್ತಿರಲಿಲ್ಲ. ಮಕ್ಕಳ ತೋಳಿಗೆ ಒಗ್ಗುವ ಅರ್ಧ, ಮುಕ್ಕಾಲು ಅಳತೆಯ ಪಿಟೀಲುಗಳಿವೆಯೆಂಬುದು ನಮಗಾರಿಗೂ ತಿಳಿಯದು. ಬೆರಳು ಸ್ಥಾನ ತಪ್ಪಿದಾಗಲೆಲ್ಲ ಬಿಲ್ಲಿನ ಕಡ್ಡಿಯಿಂದ ಗಿಣ್ಣಿನ ಮೇಲೆ ಏಟು ಬೀಳುತ್ತಿತ್ತು. ಎಂಟು ತಿಂಗಳಿಗೆ ಪಾಠ ನಿಂತಿತು. ಆ ವರ್ಷದ ಮಳೆಗಾಲದಲ್ಲಿ ಅಟ್ಟದ ಮೇಲಿದ್ದ ಪಿಟೀಲಿನ ಅಂಟು ಬಿಟ್ಟು ಹಲಗೆ ಬಾಯ್ದೆರೆಯಿತು, ನನಗೆ ಸಂತೋಷವಾಯಿತು.

ಅದೇ ಊರಿನಲ್ಲಿ ಸುಗ್ಗಿಯ ದಿನಗಳಲ್ಲಿ ಮಕ್ಕಳು ಬೇರೊಂದು ರೀತಿಯಲ್ಲಿ ವಾದ್ಯ ಕಲಿಯುವುದನ್ನೂ ನಾನು ಕಂಡಿದ್ದೇನೆ. ತಮಟೆಯವರ ಹಿಂದೆ ಹುಡುಗನೊಬ್ಬ ಡಬ್ಬ ಬಡಿಯುತ್ತ ನಡೆಯುತ್ತಾನೆ. ತಾಳ ತಪ್ಪಿದರೆ ದೊಡ್ಡವರ ಸದ್ದಿನಲ್ಲಿ ಅದು ಮುಳುಗಿಹೋಗುತ್ತದೆ. ಕೂಡಿಬಂದ ದಿನ ಯಾರೋ ಅವನ ಕೈಗೆ ತಮಟೆ ಕೊಡುತ್ತಾರೆ. ಇದನ್ನು ಆದರ್ಶವೆಂದು ಕೊಂಡಾಡುವ ಆತುರ ಬೇಡ. ಹಲವೆಡೆ ಆ ತಮಟೆಯು ಜಾತಿಯ ಮೇಲೆ ಹೊರಿಸಿದ ಊಳಿಗವಾಗಿತ್ತು. ಒಲ್ಲೆನೆನ್ನುವ ಸ್ವಾತಂತ್ರ್ಯ ಆ ಹುಡುಗನಿಗಿರಲಿಲ್ಲ. ನನಗಿತ್ತು.

ಸಂಗೀತವು ತಾನಾಗಿಯೇ ಮಗುವಿನ ಮನಸ್ಸನ್ನು ಹಸನುಗೊಳಿಸುತ್ತದೆಂಬ ಇಂದಿನ ಪ್ರಚಾರವನ್ನೂ ಹಾಗೆಯೇ ಒಪ್ಪಲಾಗದು. ಕೆನಡಾದ ಗ್ಲೆನ್ ಶೆಲೆನ್‌ಬರ್ಗ್ ಅವರು ಆರು ವರ್ಷದ 144 ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಕೀಬೋರ್ಡ್, ಕೆಲವರಿಗೆ ಹಾಡುಗಾರಿಕೆ, ಕೆಲವರಿಗೆ ನಾಟಕ ಕಲಿಸಿ, ಉಳಿದವರಿಗೆ ಏನನ್ನೂ ಕಲಿಸದೆ ಪರೀಕ್ಷಿಸಿದ ಫಲಿತಾಂಶವು 2004ರಲ್ಲಿ ಪ್ರಕಟವಾಯಿತು. ಸಂಗೀತ ಕಲಿತವರ ಬುದ್ಧಿಸೂಚ್ಯಂಕ ತುಸು ಹೆಚ್ಚಾಗಿ ಏರಿತು. ಇತರರೊಡನೆ ಬೆರೆಯುವ ನಡವಳಿಕೆಯಲ್ಲಿ ಸುಧಾರಿಸಿದವರು ನಾಟಕ ಕಲಿತ ಮಕ್ಕಳು. ನಾಟಕದಲ್ಲಿ ಮಗು ಇತರರೊಡನೆ ನಿಂತು ಇತರರಿಗಾಗಿ ಕಾಯುತ್ತದೆ. ವಾದ್ಯದ ಪಾಠದಲ್ಲಿ ಅದು ಬಹುವೇಳೆ ಒಂಟಿ. ಜಪಾನಿನ ಶಿನಿಚಿ ಸುಜುಕಿ (1898–1998) ಪುಟ್ಟ ಪಿಟೀಲುಗಳನ್ನು ಕೊಟ್ಟು, ತಾಯಿಯನ್ನೂ ಪಾಠಕ್ಕೆ ಕೂರಿಸಿ, ಮಕ್ಕಳನ್ನು ಗುಂಪಾಗಿ ನುಡಿಸಲು ಹಚ್ಚಿದುದು ಈ ಒಂಟಿತನವನ್ನು ಕಂಡೇ ಇರಬೇಕು. ಗದಗಿನ ಆಶ್ರಮದ ಬಾಲಕರು ನಾಟಕ ಕಂಪನಿಯ ನೆರಳಿನಲ್ಲಿ ಬೆಳೆದರೆಂಬುದು ಈ ಹಿನ್ನೆಲೆಯಲ್ಲಿ ಇನ್ನಷ್ಟು ವಿಚಾರಾರ್ಹ.

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಶಾಲೆಯ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಸಂಜೆಯ ಸಂಗೀತಪಾಠ ನಡೆಯುವ ಮನೆಯ ನಡುಕೋಣೆ ಶಾಲೆಯಲ್ಲ. ಅಲ್ಲಿ ಇಂದಿಗೂ ಕಾಯಿದೆಗಿಂತ ಸ್ಮರಣ ಸಂಚಿಕೆಯ ಅಧಿಕಾರವೇ ಹೆಚ್ಚು. ಏಟು ಕೊಡುವ ಮೇಷ್ಟರೂ ಅದನ್ನು ನೋಡಿಯೂ ಸುಮ್ಮನಿರುವ ತಾಯ್ತಂದೆಗಳೂ ದೊಡ್ಡ ವಿದ್ವಾಂಸರ ಬಾಲ್ಯದ ಕಥೆಗಳನ್ನೇ ಸಮರ್ಥನೆಗೆ ತರುತ್ತಾರೆ. ಈ ಕಥೆಗಳನ್ನು ಪರೀಕ್ಷೆಗೊಳಪಡಿಸುವುದು ಇತಿಹಾಸ ವಿಭಾಗದ ಕೆಲಸವೆಂದು ನಾನು ಭಾವಿಸುವುದು ಇದಕ್ಕಾಗಿಯೇ. ಅದಕ್ಕೆ ಬೇಕಾದ ಆಕರಗಳು ಬೇರೆ: ಸಂಗೀತಶಾಲೆಗಳ ಹಾಜರಿ ಪುಸ್ತಕಗಳು, ಫೀಸಿನ ಲೆಕ್ಕಗಳು, ಎಲ್ಲಕ್ಕಿಂತ ಮಿಗಿಲಾಗಿ ಬಿಟ್ಟುಹೋದವರ ಹೇಳಿಕೆಗಳು. ಕಳೆದ ಬೇಸಗೆಯ ರಜೆಯಲ್ಲಿ ಹಾನುಬಾಳಿನ ಸುತ್ತಮುತ್ತ ವಿಚಾರಿಸಿದಾಗ ಅಂಥ ಮೂವರು ನನಗೆ ದೊರೆತರು. ಎಪ್ಪತ್ತು ದಾಟಿದ ಒಬ್ಬರು ತಾವು ವೀಣೆಯ ಪಾಠ ಬಿಟ್ಟ ದಿನವನ್ನು ವಾರ, ಹೊತ್ತುಗಳ ಸಮೇತ ಹೇಳಿದರು. ಆಗ ಕಲಿಯುತ್ತಿದ್ದುದು ಯಾವ ರಾಗವೆಂದು ಕೇಳಿದೆ. ಅದು ಅವರಿಗೆ ನೆನಪಿರಲಿಲ್ಲ.